ಬೆಂಗಳೂರಿನ ಬಿಸಿಲಿಗೆ ಓಜೋನ್ ರಂಧ್ರ ಕಾರಣವಲ್ಲ

ಬೇಸಿಗೆಯ ನಡುಹಗಲಿನಲ್ಲಿ ರಾಜ್ಯದ ನಗರಗಳಲ್ಲಿ ಅತಿನೇರಳೆ ಕಿರಣಗಳ ಸೂಚ್ಯಂಕ 11ನ್ನು ದಾಟುವುದು ಸಾಮಾನ್ಯ. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಂತೆ ಇದು ‘ವಿಪರೀತ’ ಮಟ್ಟ. ದೂರು ಮಾತ್ರ ಓಜೋನ್ ರಂಧ್ರದ ಮೇಲೆ! 1985ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ಬೆಳಕಿಗೆ ತಂದ ಆ ರಂಧ್ರ ಕಾಣಿಸಿಕೊಳ್ಳುವುದು ಅಂಟಾರ್ಕ್ಟಿಕಾದ ಮೇಲೆ, ಅದೂ ಮುಖ್ಯವಾಗಿ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ.

ಇಲ್ಲಿನ ಕಾರಣವೇ ಬೇರೆ. ಉಷ್ಣವಲಯದ ಮೇಲೆ ಓಜೋನ್ ಪದರ ನಿಸರ್ಗಸಹಜವಾಗಿಯೇ ತೆಳು. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ವಾರ ಹಾಗೂ ಆಗಸ್ಟ್ ಮಧ್ಯಭಾಗದಲ್ಲಿ ಸೂರ್ಯ ನಡುನೆತ್ತಿಗೆ ಬರುತ್ತಾನೆ. ಕಿರಣಗಳು ಆ ತೆಳು ಪದರವನ್ನು ನೇರವಾಗಿ ಹಾದು ಇಳಿಯುತ್ತವೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ತೀವ್ರತೆ ಇನ್ನಷ್ಟು ಹೆಚ್ಚು. ತಂಗಾಳಿಯನ್ನು ನಂಬುವಂತಿಲ್ಲ: ಈ ಕಿರಣಗಳು ಕಣ್ಣಿಗೆ ಕಾಣುವುದಿಲ್ಲ, ಮೈಗೆ ಬಿಸಿಯಾಗಿ ತಾಗುವುದೂ ಇಲ್ಲ. ಚರ್ಮದ ಕ್ಯಾನ್ಸರ್, ಕಣ್ಣಿನ ಪೊರೆಗಳ ಅಪಾಯವನ್ನು ಮಾತ್ರ ಸದ್ದಿಲ್ಲದೆ ಹೆಚ್ಚಿಸುತ್ತವೆ.

1987ರ ಮಾಂಟ್ರಿಯಲ್ ಒಪ್ಪಂದದ ಫಲವಾಗಿ ಕ್ಲೋರೋಫ್ಲೋರೋಕಾರ್ಬನ್‌ಗಳ ಬಳಕೆ ತಗ್ಗಿತು. ವಿಶ್ವಸಂಸ್ಥೆ ಬೆಂಬಲಿತ ವಿಜ್ಞಾನಿಗಳ ತಂಡದ 2022ರ ಅಂದಾಜಿನಂತೆ ಅಂಟಾರ್ಕ್ಟಿಕಾದ ಓಜೋನ್ 2066ರ ಸುಮಾರಿಗೆ 1980ರ ಮಟ್ಟಕ್ಕೆ ಮರಳಲಿದೆ. ಆಗಲೂ ಬೆಂಗಳೂರಿನ ನಡುಹಗಲಿನ ಬಿಸಿಲು ಬಹುತೇಕ ಹೀಗೆಯೇ ಇರುತ್ತದೆ. ಮನುಷ್ಯನ ನೆರಳು ಅವನ ಎತ್ತರಕ್ಕಿಂತ ಗಿಡ್ಡವಾಗಿರುವಷ್ಟು ಹೊತ್ತು ಕೊಡೆ, ಟೋಪಿ, ತಂಪು ಕನ್ನಡಕ ಬೇಕೇ ಬೇಕು.