ಹೋಶೇಯನ ಗ್ರಂಥದಲ್ಲಿ ದೈವಕಾರುಣ್ಯದ ಸ್ವರೂಪ

ತಪ್ಪಿ ನಡೆದವನನ್ನು ದಂಡಿಸುವುದು ನ್ಯಾಯ. ಅವನನ್ನು ಮರಳಿ ಕೈಹಿಡಿಯುವುದು ಕರುಣೆ. ಇವೆರಡೂ ಒಬ್ಬನೇ ದೇವರಲ್ಲಿ ಹೇಗೆ ಕೂಡಿರಬಲ್ಲವು? ಬೈಬಲ್ಲಿನ ಹಳೆಯ ಒಡಂಬಡಿಕೆಯಲ್ಲಿ ಈ ಪ್ರಶ್ನೆಯನ್ನು ತೀವ್ರವಾಗಿ ಎದುರಿಸಿದ ಗ್ರಂಥಗಳಲ್ಲಿ ಹೋಶೇಯ ಪ್ರವಾದಿಯದು ಒಂದು. ಇದು ಕೇವಲ 14 ಅಧ್ಯಾಯಗಳ ಕಿರುಗ್ರಂಥ.

ಹೋಶೇಯನು ಕ್ರಿ. ಪೂ. 8ನೆಯ ಶತಮಾನದಲ್ಲಿ ಉತ್ತರದ ಇಸ್ರಾಯೇಲ್ ರಾಜ್ಯದಲ್ಲಿದ್ದವನು. ಎರಡನೆಯ ಯಾರೊಬ್ಬಾಮನ ಆಳ್ವಿಕೆಯಲ್ಲಿ ಆ ನಾಡು ಸಂಪದ್ಭರಿತವಾಗಿದ್ದಿತು. ಆದರೆ ಈಜಿಪ್ಟಿನ ದಾಸ್ಯದಿಂದ ತಮ್ಮನ್ನು ಬಿಡಿಸಿದ ದೇವರನ್ನು ಜನರು ಮರೆತು, ಧಾನ್ಯ, ದ್ರಾಕ್ಷಾರಸ, ಎಣ್ಣೆಗಳನ್ನು ಕೊಟ್ಟವನು ಬಾಳ್ ದೇವತೆಯೆಂದು ನಂಬಿದರು. ಈ ದ್ರೋಹದ ಸ್ವರೂಪವನ್ನು ಪ್ರವಾದಿಯು ತನ್ನ ದಾಂಪತ್ಯದ ನೋವಿನಿಂದಲೇ ತೋರಿಸಬೇಕಾಯಿತು. ಪತ್ನಿಯಾದ ಗೋಮೆರಳು ನಿಷ್ಠೆ ತಪ್ಪಿದಳು. ಮಕ್ಕಳಿಗಿಟ್ಟ ಹೆಸರುಗಳೇ ತೀರ್ಪಿನ ನುಡಿಗಳಾದವು. ಮೊದಲನೆಯವನು ಇಜ್ರೇಲ್, ಅದು ರಕ್ತಪಾತ ನಡೆದ ಊರಿನ ಹೆಸರು. ಎರಡನೆಯವಳು ಲೋ ರುಹಾಮ, ಅಂದರೆ ಕರುಣೆ ಪಡೆಯದವಳು. ಮೂರನೆಯವನು ಲೋ ಅಮ್ಮಿ, ಅಂದರೆ ನನ್ನ ಜನವಲ್ಲದವನು.

ಗ್ರಂಥವು ಇಲ್ಲಿಗೇ ಮುಗಿದಿದ್ದರೆ ಅದು ದಂಡನೆಯ ಗ್ರಂಥವೆನಿಸುತ್ತಿತ್ತು. ಆದರೆ 3ನೆಯ ಅಧ್ಯಾಯದಲ್ಲಿ, ದಾರಿ ತಪ್ಪಿದ ಹೆಣ್ಣನ್ನು ಮತ್ತೆ ಪ್ರೀತಿಸೆಂಬ ಅಪ್ಪಣೆಯಾಗುತ್ತದೆ. ಪ್ರವಾದಿಯು 15 ಬೆಳ್ಳಿ ನಾಣ್ಯದ ತೂಕವನ್ನೂ ಒಂದಿಷ್ಟು ಜವೆಗೋದಿಯನ್ನೂ ತೆತ್ತು ಅವಳನ್ನು ಬಿಡಿಸಿಕೊಳ್ಳುತ್ತಾನೆ. ಕರುಣೆಯೆಂಬುದು ತಪ್ಪನ್ನು ಕಂಡೂ ಕಾಣದಂತಿರುವ ಔದಾಸೀನ್ಯವಲ್ಲ. ನೊಂದವನೇ ಬೆಲೆ ತೆರುವ ಕಾರ್ಯವೆಂಬುದು ಇದರಿಂದ ವ್ಯಕ್ತವಾಗುತ್ತದೆ. ಮಕ್ಕಳ ಹೆಸರುಗಳೂ ತಿರುವು ಪಡೆಯುತ್ತವೆ. ಇಜ್ರೇಲ್ ಎಂಬುದಕ್ಕೆ ದೇವರು ಬಿತ್ತುತ್ತಾನೆಂಬ ಅರ್ಥವಿದೆ. ಆ ಅರ್ಥವೇ ಈಗ ವಾಗ್ದಾನವಾಗುತ್ತದೆ. ಉಳಿದೆರಡು ಹೆಸರುಗಳಲ್ಲಿ ಅಲ್ಲವೆಂಬ ‘ಲೋ’ ಕಳಚಿಹೋಗುತ್ತದೆ.

ಇಲ್ಲಿ ಎರಡು ಹೀಬ್ರೂ ಪದಗಳು ಗಮನಾರ್ಹವಾಗಿವೆ. ರುಹಾಮ ಎಂಬುದು ಗರ್ಭವನ್ನು ಸೂಚಿಸುವ ‘ರೆಹೆಮ್’ ಪದಕ್ಕೆ ಸಂಬಂಧಿಸಿದುದು. ತಾಯಿಯ ಒಡಲಿನ ಮರುಕ ಅದರಲ್ಲಿ ಧ್ವನಿತವಾಗುತ್ತದೆ. ಇನ್ನೊಂದು ‘ಹೆಸೆದ್’, ಪ್ರೀತಿಯನ್ನೂ ಕೊಟ್ಟ ಮಾತಿಗೆ ತಪ್ಪದ ನಿಷ್ಠೆಯನ್ನೂ ಒಟ್ಟಿಗೆ ಹೇಳುವ ಪದ. ದೇವರು ಬಯಸುವುದು ಬಲಿಯನ್ನಲ್ಲ, ಈ ಹೆಸೆದನ್ನೇ ಎಂಬುದು 6ನೆಯ ಅಧ್ಯಾಯದ ಸಾರ. ಮತ್ತಾಯನ ಸುವಾರ್ತೆಯಲ್ಲಿ ಯೇಸು ಈ ಮಾತನ್ನು ಎರಡು ಬಾರಿ ಸ್ಮರಿಸುತ್ತಾನೆ. ಕರುಣೆ ಪಡೆದವನು ಕರುಣಿಯಾಗಬೇಕೆಂಬುದೇ ಅದರ ಇಂಗಿತ.

11ನೆಯ ಅಧ್ಯಾಯದಲ್ಲಿ ಉಪಮೆ ಬದಲಾಗುತ್ತದೆ. ಕೂಸಿಗೆ ನಡೆಯಲು ಕಲಿಸಿ, ತೋಳಲ್ಲಿ ಎತ್ತಿಕೊಂಡು, ಬಾಗಿ ಉಣಿಸಿದ ಹೆತ್ತವರಂತೆ ದೇವರು ಕಾಣಿಸಿಕೊಳ್ಳುತ್ತಾನೆ. ದಂಡಿಸಲು ಹೊರಟವನ ಹೃದಯವೇ ಒಳಗೆ ತಳಮಳಗೊಳ್ಳುತ್ತದೆ. ತಾನು ಮನುಷ್ಯನಲ್ಲ, ದೇವರು. ಆದ್ದರಿಂದಲೇ ಸಂಪೂರ್ಣ ನಾಶಮಾಡಲಾರೆನೆಂಬುದು ಅಲ್ಲಿಯ ತರ್ಕ. ಅವನ ಪಾವಿತ್ರ್ಯವೇ ಕ್ಷಮೆಗೆ ಕಾರಣವಾಗುವುದು ಅಪೂರ್ವವಾದ ವಿಚಾರ.

ಹಾಗಾದರೆ ಕರ್ಮದ ಫಲ ತಪ್ಪಿತೇ? ತಪ್ಪಲಿಲ್ಲ. ಕ್ರಿ. ಪೂ. 722ರ ಸುಮಾರಿಗೆ ರಾಜಧಾನಿ ಸಮಾರ್ಯವು ಅಸ್ಸೀರಿಯನ್ನರ ವಶವಾಯಿತು. ಜನರು ಸೆರೆಯಾಗಿ ದೂರದೇಶಕ್ಕೆ ಹೋದರು. ರಾಜ್ಯವು ಅಳಿದರೂ ಪ್ರವಾದಿಯ ನುಡಿ ಉಳಿಯಿತು. ಕರುಣೆಯು ಶಿಕ್ಷೆಯನ್ನು ಅಲ್ಲಗಳೆಯಲಿಲ್ಲ; ಶಿಕ್ಷೆಯೇ ಕಡೆಯ ಮಾತಾಗಲು ಬಿಡಲಿಲ್ಲ.

ಇದಕ್ಕೆ ಗ್ರಂಥದಲ್ಲಿಯೇ ಒಂದು ಸುಂದರ ನಿದರ್ಶನವಿದೆ. ಜನರ ಹೆಸೆದು ಹೊತ್ತೇರಿದೊಡನೆ ಮಾಯವಾಗುವ ಇಬ್ಬನಿಯೆಂದು 6ನೆಯ ಅಧ್ಯಾಯ ನಿಂದಿಸುತ್ತದೆ. 14ನೆಯ ಅಧ್ಯಾಯದಲ್ಲಿ ದೇವರು ತಾನೇ ಅವರಿಗೆ ಇಬ್ಬನಿಯಾಗುವೆನೆನ್ನುತ್ತಾನೆ. ಅದರಿಂದ ಇಸ್ರಾಯೇಲು ತಾವರೆಯಂತೆ ಅರಳುವುದು. ಮನುಷ್ಯನ ಚಂಚಲತೆಗೆ ಹೋಲಿಕೆಯಾದ ವಸ್ತುವೇ ದೇವರ ಅನುಗ್ರಹಕ್ಕೂ ಹೋಲಿಕೆಯಾಯಿತು. ಆರಿಹೋದ ಭಕ್ತಿಯ ನೆಲದ ಮೇಲೆಯೇ ಕರುಣೆಯು ಮತ್ತೆ ಇಳಿಯುತ್ತದೆ.