ಗಾಜಿನ ಮೇಲೆ ಎಲ್ಲಮ್ಮ

ವೈದ್ಯಕೀಯ ಶಿಕ್ಷಣದ ಕಟ್ಟಡಕ್ಕೆ ಗಾಜಿನ ಕಲಾಕೃತಿ ರಚಿಸುವಾಗ ಸರ್ಪ ಸುತ್ತಿದ ಗ್ರೀಕರ ದಂಡವನ್ನೇ ಆಯ್ದುಕೊಳ್ಳುವುದು ರೂಢಿ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಕಲಾವಿದನಿಗಾದರೋ ಎಲ್ಲಮ್ಮನ ಆರಾಧನೆಯೇ ಸಂಕೇತಗಳನ್ನು ಒದಗಿಸುತ್ತದೆ. ಚರ್ಮವ್ಯಾಧಿ ಕಳೆಯುವುದೆಂದು ನಂಬಿ ಭಕ್ತರು ಮೀಯುವ ಜೋಗುಳಬಾವಿಯ ನೀರು, ಬೇವಿನ ಹಸುರು, ಭಂಡಾರದ ಹಳದಿ ಇವು ಬೆಳಕು ಹಾಯುವ ಗಾಜಿಗೆ ಸಹಜವಾಗಿ ಒಗ್ಗುತ್ತವೆ. ಗಾಜೂ ಈ ಆರಾಧನೆಗೆ ಹೊರಗಿನದಲ್ಲ; ಹೊಸ್ತಿಲ ಹುಣ್ಣಿಮೆಗೆ ಬಳೆ ಒಡೆದುಕೊಂಡ ಜೋಗತಿಯರು ಭಾರತ ಹುಣ್ಣಿಮೆಗೆ ಮತ್ತೆ ತೊಡುತ್ತಾರೆ.

ಜಡೆಯನ್ನು ಮಾತ್ರ ಚಿತ್ರಿಸಬಾರದೆಂಬುದು ನನ್ನ ಅಭಿಪ್ರಾಯ. ಕೂದಲು ಗಂಟುಗಟ್ಟಿದ್ದನ್ನೇ ದೇವಿಯ ಕರೆಯೆಂದು ಬಗೆದು ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಲಾಯಿತು. ಅದನ್ನು ತಡೆಯಲು 1982ರ ಕಾಯ್ದೆಯೇ ಬೇಕಾಯಿತು. ಅಂಥ ಗಂಟನ್ನು ಕತ್ತರಿಸಿದರೆ ಕೇಡಿಲ್ಲವೆಂದು ಹೆತ್ತವರಿಗೆ ತಿಳಿಹೇಳಬೇಕಾದವರು ಆ ಗಾಜಿನ ಕೆಳಗೇ ಓದಿ ಬರುವ ವೈದ್ಯರು.