ಆರ್ಗಾನ್ ವೆಲ್ಡಿಂಗ್: ಅನಿಲದ ಬಗ್ಗೆ ಆರು ತಪ್ಪು ಕಲ್ಪನೆಗಳು

ಡೇರಿಯ ಹಾಲು ಹರಿಯುವ ಸ್ಟೇನ್‌ಲೆಸ್ ಪೈಪಿನಿಂದ ವಿಮಾನದ ಟೈಟಾನಿಯಂ ಭಾಗದವರೆಗೆ, ಅಚ್ಚುಕಟ್ಟಾದ ಬೆಸುಗೆ ಬೇಕಾದಲ್ಲೆಲ್ಲ ಟಿಗ್ ವೆಲ್ಡಿಂಗ್ ಹಾಜರಿರುತ್ತದೆ. ಪೀಣ್ಯದ ಶೆಡ್ಡುಗಳಲ್ಲಿ ಇದು ‘ಆರ್ಗಾನ್ ವೆಲ್ಡಿಂಗ್’ ಎಂದೇ ಪರಿಚಿತ. ಟಂಗ್‌ಸ್ಟನ್ ಕಡ್ಡಿಯ ತುದಿಯಲ್ಲಿ ಹೊತ್ತುವ ಆರ್ಕ್ ಲೋಹವನ್ನು ಕರಗಿಸುತ್ತದೆ. ಟಾರ್ಚಿನಿಂದ ಹರಿಯುವ ಅನಿಲ, ಕರಗಿದ ಲೋಹಕ್ಕೂ ಕಾದ ಟಂಗ್‌ಸ್ಟನ್‌ಗೂ ಗಾಳಿ ತಾಗದಂತೆ ಕಾಯುತ್ತದೆ. ಈ ಎರಡರಲ್ಲಿ ಒಂದನ್ನು ಮರೆತರೂ ತಪ್ಪು ಸಿಲಿಂಡರ್ ಆರಿಸಿದಂತೆಯೇ.

ತಪ್ಪು ಕಲ್ಪನೆ 1: ತಂತಿ ಕರಗಿಸಿ ಬೆಸೆಯುವ ಮಿಗ್ ವೆಲ್ಡಿಂಗ್‌ಗೆ ತಂದಿಟ್ಟ ಕಾರ್ಬನ್ ಡೈಆಕ್ಸೈಡ್ ಟಿಗ್‌ಗೂ ನಡೆಯುತ್ತದೆ.

ಸತ್ಯ: ಮಿಗ್‌ನಲ್ಲಿ ತಂತಿ ತಾನೇ ಕರಗಿ ಬೆಸುಗೆಯೊಳಗೆ ಸೇರುತ್ತದೆ. ಆ ತಂತಿಯಲ್ಲಿರುವ ಸಿಲಿಕಾನ್, ಮ್ಯಾಂಗನೀಸ್‌ಗಳು ಆಮ್ಲಜನಕವನ್ನು ಹಿಡಿದುಕೊಳ್ಳುವುದರಿಂದ ಮೈಲ್ಡ್ ಸ್ಟೀಲಿಗೆ ಅಲ್ಲಿ ಕಾರ್ಬನ್ ಡೈಆಕ್ಸೈಡ್ ಹೊಂದುತ್ತದೆ. ಟಿಗ್‌ನ ಟಂಗ್‌ಸ್ಟನ್ ಹಾಗಲ್ಲ, ಅದು ಕರಗದೆ ಉಳಿಯಬೇಕು. 3,422 ಡಿಗ್ರಿ ಸೆಲ್ಸಿಯಸ್‌ವರೆಗೆ ಕರಗದ ಈ ಲೋಹ ಆಮ್ಲಜನಕದೆದುರು ಸೋಲುತ್ತದೆ: ಆರ್ಕ್‌ನ ಕಾವಿಗೆ ಕಾರ್ಬನ್ ಡೈಆಕ್ಸೈಡ್ ಒಡೆದು ಆಮ್ಲಜನಕ ಹೊರಬರುತ್ತದೆ, ಅದರಿಂದ ಉಂಟಾಗುವ ಟಂಗ್‌ಸ್ಟನ್ ಆಕ್ಸೈಡ್ 1,500 ಡಿಗ್ರಿಯೊಳಗೇ ಕರಗುತ್ತದೆ. ಸಾಣೆ ಹಿಡಿದ ತುದಿ ನೋಡನೋಡುತ್ತಲೇ ಹಾಳಾಗಿ ಆರ್ಕ್ ಅಲೆದಾಡುತ್ತದೆ. ಮುಕ್ಕಾಲು ಪಾಲು ಆರ್ಗಾನ್ ಇರುವ ಮಿಗ್ ಮಿಶ್ರಣ ಹಾಕಿದರೂ ಇದೇ ಗತಿ. ಮೈಲ್ಡ್ ಸ್ಟೀಲ್, ಸ್ಟೇನ್‌ಲೆಸ್, ಅಲ್ಯೂಮಿನಿಯಂ ಯಾವುದೇ ಇರಲಿ, ಟಿಗ್‌ಗೆ ಮೊದಲ ಆಯ್ಕೆ ಶುದ್ಧ ಆರ್ಗಾನ್.

ತಪ್ಪು ಕಲ್ಪನೆ 2: ಹೀಲಿಯಂ ದುಬಾರಿ, ಆದ್ದರಿಂದ ಅದೇ ಉತ್ತಮ.

ಸತ್ಯ: ಟಿಗ್ ಬಳಕೆಗೆ ಬಂದದ್ದೇ ಹೀಲಿಯಂ ಜೊತೆಗೆ. 1940ರ ದಶಕದ ಆರಂಭದಲ್ಲಿ ಅಮೆರಿಕದ ನಾರ್ತ್ರಪ್ ವಿಮಾನ ಕಂಪನಿಯ ರಸೆಲ್ ಮೆರೆಡಿತ್ ಮೆಗ್ನೀಸಿಯಂ ಬೆಸೆಯಲು ಇದನ್ನು ರೂಪಿಸಿದಾಗ ಬಳಸಿದ್ದು ಆ ಅನಿಲವನ್ನೇ. ಅಷ್ಟೇ ಆಂಪಿಯರ್‌ನಲ್ಲಿ ಹೀಲಿಯಂ ಆರ್ಕ್‌ನ ವೋಲ್ಟೇಜ್ ಹೆಚ್ಚು, ಕಾವೂ ಹೆಚ್ಚು. ದಪ್ಪ ಅಲ್ಯೂಮಿನಿಯಂ ಮತ್ತು ತಾಮ್ರಕ್ಕೆ ಇದು ವರ, ತೆಳು ಶೀಟಿಗೆ ತೂತು ಬೀಳುವ ಭಯ. ಆರ್ಕ್ ಹೊತ್ತಿಸುವುದೂ ಕಷ್ಟ. ಗಾಳಿಗಿಂತ ತೀರಾ ಹಗುರವಾದ್ದರಿಂದ ಆರ್ಗಾನ್‌ನ ಎರಡು ಮೂರು ಪಟ್ಟು ಹರಿಸಬೇಕಾಗುತ್ತದೆ.

ಬೆಲೆಯ ಅಂತರಕ್ಕೆ ಕಾರಣ ಗುಣಮಟ್ಟವಲ್ಲ, ಮೂಲ. ಆರ್ಗಾನ್ ನಾವು ಉಸಿರಾಡುವ ಗಾಳಿಯಲ್ಲೇ ಶೇ 0.93ರಷ್ಟಿದೆ, ತೋರಣಗಲ್ಲಿನಂಥ ಕಡೆ ಉಕ್ಕಿನ ಕಾರ್ಖಾನೆಗೆ ಆಮ್ಲಜನಕ ಒದಗಿಸಲು ಗಾಳಿಯನ್ನು ದ್ರವವಾಗಿಸಿ ಬೇರ್ಪಡಿಸುವಾಗ ಅದೂ ಸಿಗುತ್ತದೆ. ಹೀಲಿಯಂ ಬರುವುದು ಬೆರಳೆಣಿಕೆಯ ದೇಶಗಳ ನೈಸರ್ಗಿಕ ಅನಿಲದಿಂದ. ಭಾರತಕ್ಕೆ ಅದು ಆಮದಿನ ಸರಕು.

ತಪ್ಪು ಕಲ್ಪನೆ 3: ಫ್ಲೋ ಹೆಚ್ಚಿಸಿದಷ್ಟೂ ರಕ್ಷಣೆ ಹೆಚ್ಚು.

ಸತ್ಯ: ಸಾಮಾನ್ಯ ಕೆಲಸಕ್ಕೆ ನಿಮಿಷಕ್ಕೆ 6ರಿಂದ 10 ಲೀಟರ್ ಆರ್ಗಾನ್ ಸಾಕು. ನಲ್ಲಿಯನ್ನು ಸಣ್ಣಗೆ ತಿರುಗಿಸಿದಾಗ ಸ್ವಚ್ಛವಾಗಿ ಇಳಿಯುವ ನೀರು, ಪೂರ್ತಿ ತಿರುಗಿಸಿದರೆ ಗಾಳಿ ಸೇರಿಸಿಕೊಂಡು ನೊರೆನೊರೆಯಾಗುತ್ತದಲ್ಲ, ಅತಿವೇಗದ ಅನಿಲವೂ ಹಾಗೆಯೇ ಸುಳಿಯೆದ್ದು ಸುತ್ತಲಿನ ಗಾಳಿಯನ್ನು ಒಳಗೆಳೆಯುತ್ತದೆ. ಬೀಡ್‌ನಲ್ಲಿ ಗುಳ್ಳೆ ಕಂಡೊಡನೆ ಫ್ಲೋಮೀಟರ್ ತಿರುಗಿಸುವ ಬದಲು ಮೊದಲು ಫ್ಯಾನ್ ಆರಿಸಬೇಕು, ಪೈಪಿನ ಸೋರಿಕೆ, ಕಪ್‌ನ ಬಿರುಕು ನೋಡಬೇಕು. ಅನಿಲವನ್ನು ನೇರವಾಗಿ ಹರಿಸುವ ಗ್ಯಾಸ್ ಲೆನ್ಸ್ ಹಾಕಿಕೊಳ್ಳಬಹುದು. ಆರ್ಕ್ ಆರಿದ ಮೇಲೂ ಟಂಗ್‌ಸ್ಟನ್‌ನ ಕೆಂಪು ಇಳಿಯುವ ತನಕ ಅನಿಲ ಹರಿಯುತ್ತಿರಬೇಕು.

ತಪ್ಪು ಕಲ್ಪನೆ 4: ಟಾರ್ಚಿನ ಕಡೆ ಅನಿಲವಿದ್ದರೆ ಸಾಕು.

ಸತ್ಯ: ಸ್ಟೇನ್‌ಲೆಸ್ ಪೈಪಿನ ಹೊರಮೈ ಫಳಫಳಿಸುತ್ತಿರುವಾಗಲೇ ಒಳಗೆ ಬೆಸುಗೆಯ ಮೊದಲ ಪದರ (ರೂಟ್ ಪಾಸ್) ಗಾಳಿಗೆ ಸಿಕ್ಕಿ ಒರಟಾದ ಕಪ್ಪು ಪದರವಾಗಿರಬಹುದು. ಡೇರಿ ಪೈಪಿನಲ್ಲಿ ಅಂಥ ಜಾಗದಲ್ಲಿ ಹಾಲಿನ ಅಂಶ ಕುಳಿತು ಬ್ಯಾಕ್ಟೀರಿಯಾ ಬೆಳೆಯುತ್ತವೆ, ತುಕ್ಕೂ ಅಲ್ಲಿಂದಲೇ ಶುರು. ಆದ್ದರಿಂದ ಎರಡೂ ತುದಿ ಮುಚ್ಚಿ, ಹೊರಹೋಗಲು ಸಣ್ಣ ದಾರಿ ಬಿಟ್ಟು, ಒಳಗೂ ಆರ್ಗಾನ್ ತುಂಬಿಸಿ ಪರ್ಜಿಂಗ್ ಮಾಡುತ್ತಾರೆ. 304, 316 ದರ್ಜೆಗಳ ಒಳಭಾಗಕ್ಕೆ ಅಗ್ಗದ ನೈಟ್ರೋಜನ್ ಕೂಡ ಬಳಕೆಯಲ್ಲಿದೆ. ಟೈಟಾನಿಯಂಗೆ ಮಾತ್ರ ನೈಟ್ರೋಜನ್ ಸಲ್ಲದು. ಅದನ್ನು ಸುಮಾರು 425 ಡಿಗ್ರಿಗಿಂತ ಕೆಳಗೆ ತಣಿಯುವವರೆಗೂ ಆರ್ಗಾನ್‌ನಲ್ಲೇ ಇಡಬೇಕು. ಬೆಸುಗೆ ಬೆಳ್ಳಿಯಂತೆ ಹೊಳೆದರೆ ರಕ್ಷಣೆ ಸಿಕ್ಕಿದೆ. ಬೂದು ಅಥವಾ ಬಿಳಿ ಪುಡಿ ಕಂಡರೆ ಜಾಬ್ ತಿರಸ್ಕೃತ.

ತಪ್ಪು ಕಲ್ಪನೆ 5: ಸ್ವಲ್ಪ ಹೈಡ್ರೋಜನ್ ಬೆರೆಸಿದರೆ ಎಲ್ಲ ಲೋಹವೂ ಹೊಳೆಯುತ್ತದೆ.

ಸತ್ಯ: ಶೇ 2ರಿಂದ 5ರಷ್ಟು ಹೈಡ್ರೋಜನ್ ಇರುವ ಸಿದ್ಧ ಮಿಶ್ರಣ 304, 316 ಸ್ಟೇನ್‌ಲೆಸ್‌ಗೆ ವೇಗವನ್ನೂ ಹೊಳಪನ್ನೂ ಕೊಡುತ್ತದೆ. ಅದೇ ಮಿಶ್ರಣ ಅಲ್ಯೂಮಿನಿಯಂನಲ್ಲಿ ಗುಳ್ಳೆ ಎಬ್ಬಿಸುತ್ತದೆ, ಗಡಸಾಗುವ ಉಕ್ಕಿನಲ್ಲಿ ಬಿರುಕು ತರುತ್ತದೆ.

ತಪ್ಪು ಕಲ್ಪನೆ 6: ಆರ್ಗಾನ್ ಜಡ ಅನಿಲ, ಅಪಾಯವಿಲ್ಲ.

ಸತ್ಯ: ಅದು ವಿಷವಲ್ಲ, ಆದರೆ ಉಸಿರು ಕಟ್ಟಿಸುತ್ತದೆ. ಗಾಳಿಗಿಂತ ಸುಮಾರು 1.38 ಪಟ್ಟು ಭಾರವಿರುವುದರಿಂದ ಟ್ಯಾಂಕ್, ಗುಂಡಿಗಳ ತಳದಲ್ಲಿ ಶೇಖರವಾಗುತ್ತದೆ. ಬಣ್ಣ, ವಾಸನೆ ಯಾವುದೂ ಇಲ್ಲ. ಆಮ್ಲಜನಕ ಶೇ 19.5ಕ್ಕಿಂತ ಇಳಿದ ಜಾಗಕ್ಕೆ ಇಳಿಯುವಂತಿಲ್ಲ. ಬರೀ ಆರ್ಗಾನ್ ತುಂಬಿದಲ್ಲಿ ನಾಲ್ಕಾರು ಉಸಿರಿಗೇ ಪ್ರಜ್ಞೆ ತಪ್ಪುತ್ತದೆ. ಪರ್ಜಿಂಗ್ ಮಾಡಿದ ಟ್ಯಾಂಕಿಗೆ ಮೊದಲು ಬ್ಲೋವರ್‌ನಿಂದ ಹೊಸ ಗಾಳಿ ತುಂಬಿ, ಆಮ್ಲಜನಕ ಮಾಪಕವನ್ನು ತಳದವರೆಗೆ ಇಳಿಸಿ ನೋಡಬೇಕು; ಬಾಯಿಯ ಬಳಿ ಒಬ್ಬರು ನಿಂತಿರಬೇಕು. ಒಳಗಿದ್ದವನು ಕುಸಿದರೆ ಹೊರಗಿದ್ದವನು ಉಸಿರಾಟದ ಸಲಕರಣೆಯಿಲ್ಲದೆ ಹಿಂದೆಯೇ ಧುಮುಕಬಾರದು. ಊಟಕ್ಕೆ ಹೋಗುವಾಗ ಟಾರ್ಚನ್ನು ಟ್ಯಾಂಕಿನಿಂದ ಹೊರಗೆ ತೆಗೆದು, ಸಿಲಿಂಡರ್‌ನ ವಾಲ್ವ್ ಮುಚ್ಚಬೇಕು.